ಹೊಸ್ತಿಲಿಲ್ಲದ ಟವರು

ನಾನು ಕಟ್ಟಿದ ಕಟ್ಟಡಗಳನ್ನು ನೋಡಬೇಕಿದ್ದರೆ ನೀವು ಹಂಗಾರಕಟ್ಟೆಯ ನಮ್ಮ ಮನೆಯ ಉಪ್ಪರಿಗೆ ಹತ್ತಬೇಕು. ಅಲ್ಲಿ ಹಳೇ ಮಂಚದ ಮೇಲೆ, ಬೆಡ್‌ಶೀಟಿನ ಅಡಿಯಲ್ಲಿ ಕುಂದಾಪುರದ ಹದಿನೆಂಟು ಮಾಳಿಗೆಯ ಟವರು ನಿಂತಿದೆ. ಪಕ್ಕದಲ್ಲಿ ಬೈಂದೂರಿನ ಕಡಲ ಬದಿಯ ರೆಸಾರ್ಟು. ಅದರ ನೀಲಿ ಈಜುಕೊಳದಲ್ಲಿ ಒಂದು ಸತ್ತ ಜಿರಳೆ. ಎಲ್ಲವೂ ಥರ್ಮಾಕೋಲು, ರಟ್ಟು, ಅಂಟು. ಆರ್ಕಿಟೆಕ್ಟ್ ಎಂದು ಬೋರ್ಡು ಹಾಕಿಕೊಂಡು ಹತ್ತಾರು ವರ್ಷ ಕುಳಿತವಳ ಒಟ್ಟು ಸಾಧನೆ ಇಷ್ಟೇ. ಇಲಿಗಳಿಗಾದರೂ ವಾಸಕ್ಕೆ ಅನುಕೂಲವಾಯಿತು.

ನನ್ನನ್ನು ಓದಿಸಿದ್ದು ಸೋದರಮಾವ, ಅಮ್ಮನ ಅಣ್ಣ. ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದವರು. ನಮ್ಮದು ಅಳಿಯಸಂತಾನದ ಮನೆ. ಭೂಮಿ ತಾಯಿಯಿಂದ ಮಗಳಿಗೆ ಇಳಿದು ಬರುತ್ತದೆ, ಯಜಮಾನಿಕೆ ಮಾತ್ರ ಮಾವಂದಿರದು. ಹೊಳೆ ಕಡಲು ಸೇರುವಲ್ಲಿ ಇರುವ ತೆಂಗಿನ ತೋಟ ಅಮ್ಮನ ಪಾಲಿಗೆ ಬಂದಿತ್ತು; ಅಲ್ಲಿ ಏನಾಗಬೇಕು ಎಂದು ಹೇಳುವವರು ಮಾವ. 1997ರಲ್ಲಿ ನಾನು ಓದು ಮುಗಿಸಿ ಬಂದಾಗ ಅವರು ಬ್ರಹ್ಮಾವರದ ಬಸ್‌ಸ್ಟ್ಯಾಂಡಿನ ಎದುರು, ಚಪ್ಪಲಿ ಅಂಗಡಿಯ ಮೇಲೊಂದು ಕೋಣೆ ಹಿಡಿದುಕೊಟ್ಟರು. ಬಸ್ಸುಗಳ ಹಾರ್ನಿಗೆ ಕಿಟಕಿಯ ಗಾಜು ನಡುಗುತ್ತಿತ್ತು.

"ಹೆಣ್ಣೆ, ಸಣ್ಣದ್ ಬರೀಬ್ಯಾಡ. ದೊಡ್ಡದೇ ಬರಿ. ನಾ ಇಲ್ಯಾ?" ಎಂದರು ಮಾವ.

ಅವರು ಇದ್ದರು, ಅದೇ ತೊಂದರೆ. ದುಬೈಗೆ ಹೋಗಿ ಬಂದ ವರ್ಷ ಟವರು, ಗೋವಾಕ್ಕೆ ಹೋಗಿ ಬಂದ ವರ್ಷ ರೆಸಾರ್ಟು. ಊರಿಗೆ ಬಂದಾಗಲೆಲ್ಲ ಪಾಲುದಾರರಾಗಬಹುದಾದ ಯಾರನ್ನಾದರೂ ಕಾರಿನಲ್ಲಿ ತುಂಬಿಸಿಕೊಂಡು ಬರುತ್ತಿದ್ದರು. ಬಂದವರು ಕಪ್ಪು ಕನ್ನಡಕ ತೆಗೆದು ನನ್ನ ಮಾದರಿಯ ಸುತ್ತ ಒಂದು ಸುತ್ತು ಬಂದು, ಭಲೇ ಎಂದು, ಅಮ್ಮ ಮಾಡಿದ ಕೋಳಿ ಸುಕ್ಕ, ನೀರುದೋಸೆ ಹೊಡೆದು ಹೋಗುತ್ತಿದ್ದರು. ಮತ್ತೆ ಅವರ ಸುದ್ದಿಯೇ ಇಲ್ಲ. ಕಡಲಿಗೆ ಇಷ್ಟು ಹತ್ತಿರ ಕಟ್ಟಲು ಕಾನೂನಿಲ್ಲ ಮಾವ ಎಂದು ನಾನು ಒಮ್ಮೆ ಹೇಳಿ ನೋಡಿದೆ. "ಕಾನೂನ್ ಮಾಡದ್ದೂ ಮನ್ಷ್ರೇ ಅಲ್ದಾ?" ಎಂದು ನಕ್ಕು, ಈಜುಕೊಳವನ್ನು ಇನ್ನಷ್ಟು ಕಡಲಿನ ಕಡೆಗೆ ಸರಿಸಲು ಹೇಳಿದರು.

ಒಂದು ದಿನ ಬಿಜೂರಿನ ಕಡೆಯ ಒಬ್ಬ ಟೀಚರಮ್ಮ ನನ್ನ ಕೋಣೆಗೆ ಮೆಟ್ಟಿಲು ಹತ್ತಿ ಬಂದರು. ಗದ್ದೆಯ ಬದಿಯಲ್ಲಿ ಎರಡು ಕೋಣೆಯ ಮನೆ, ಅಡುಗೆಮನೆಯಲ್ಲಿ ನಿಂತರೆ ಬಾವಿ ಕಾಣಬೇಕು, ಅಷ್ಟೇ ಅವರ ಆಸೆ. ಅವರು ಹೇಳುತ್ತಿದ್ದ ಹಾಗೆ ನನ್ನ ಕೈ ತಾನಾಗಿ ಗೆರೆ ಎಳೆಯುತ್ತಿತ್ತು. ಸಂಜೆ ಫೋನಿನಲ್ಲಿ ಮಾವನಿಗೆ ಹೇಳಿದೆ. "ಟವರ್ ಬರ್ದ ಕೈಯಗೆ ಕೋಳಿಗೂಡ್ ಬರೀತ್ಯಾ? ಪಾಲುದಾರ್ರಿಗೆ ಗೊತ್ತಾರೆ ಎಂತ ಹೇಳ್ತ್ರ್?" ಎಂದರು. ಟೀಚರಮ್ಮನಿಗೆ ಆಗುವುದಿಲ್ಲ ಎಂದೆ. ಮನೆಯನ್ನು ಬೇರೆ ಯಾರೋ ಕಟ್ಟಿಸಿಕೊಟ್ಟರು. ಬೈಂದೂರಿಗೆ ಜಾಗ ನೋಡಲು ಹೋಗುವಾಗೆಲ್ಲ ಬಸ್ಸಿನಿಂದ ಅದು ಕಾಣುತ್ತಿತ್ತು. ಬಾವಿಯನ್ನು ಹಿಂದುಗಡೆ ಹಾಕಿಬಿಟ್ಟಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು.

ಬಿಟ್ಟುಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮಾವನ ಮಾತನ್ನಾದರೂ ಒಂದು ದಿನ ಮೀರುತ್ತಿದ್ದೆನೇನೋ. ಆದರೆ ಅಮ್ಮ ಪ್ರತಿ ಶುಕ್ರವಾರ ಉಪ್ಪರಿಗೆ ಹತ್ತಿ, ಹಳೇ ಸೀರೆಯ ಚೂರಿನಿಂದ ಆ ಟವರುಗಳ ಧೂಳು ಒರೆಸುತ್ತಿದ್ದಳು. ಒಂದೊಂದು ಕಿಟಕಿಯನ್ನೂ, ದೇವರ ಪ್ರತಿಮೆ ಒರೆಸಿದ ಹಾಗೆ. ಅಣ್ಣನ ಕನಸು, ಮಗಳ ಕೈಕೆಲಸ, ಅವಳಿಗೆ ಇದೆಲ್ಲ ದೊಡ್ಡ ಹೆಮ್ಮೆ ಎಂದುಕೊಂಡೆ. ಅದನ್ನು ಒಡೆಯುವ ಧೈರ್ಯ ನನಗಿರಲಿಲ್ಲ.

ಹೀಗಿರುವಾಗ ಮಾವನ ಕಣ್ಣು ನಮ್ಮದೇ ತೆಂಗಿನ ತೋಟದ ಮೇಲೆ ಬಿತ್ತು. ಹೊಳೆಗೆ ಮುಖ ಮಾಡಿದ ರೆಸಾರ್ಟು, ನಡುವೆ ಟವರು, ಎಲ್ಲ ಕಡೆ ಜಾರುವ ಗಾಜಿನ ಬಾಗಿಲು. ಮಾದರಿ ಸಿದ್ಧವಾದದ್ದು ಮಳೆಗಾಲದ ಸೋಣೆ ತಿಂಗಳಲ್ಲಿ. ನಮ್ಮ ಕಡೆ ಆ ತಿಂಗಳಿಡೀ ಹೆಂಗಸರು ಬೆಳಿಗ್ಗೆ ಹೊಸ್ತಿಲು ತೊಳೆದು, ಶೇಡಿ ಮಣ್ಣಿನಲ್ಲಿ ಬಿಳಿ ಗೆರೆ ಎಳೆದು, ಹೂವಿಟ್ಟು ಪೂಜೆ ಮಾಡುತ್ತಾರೆ. ಅಮ್ಮ ಪೂಜೆ ಮುಗಿಸಿ ಬಂದು ಮಾದರಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು:

"ಅಣ್ಣ, ಇದ್ರಗೆ ಹೊಸ್ತಿಲ್ ಎಲ್ಲಿತ್ತ್?"

ಮಾವ ನನ್ನ ಮುಖ ನೋಡಿದರು. ನಾನು ಅವಮಾನದಿಂದ ಕೆಂಪಾದೆ. ಊರಿನ ಹುಡುಗಿಯಾಗಿ ಇಷ್ಟೂ ತಿಳಿಯದೆ ಹೋಯಿತಲ್ಲ ಎಂದು, ಹೊಸ ನಕ್ಷೆ ಬರೆಯಲು ಕುಳಿತೆ. ಪ್ರತಿ ಕೋಣೆಗೂ ಹಲಸಿನ ಮರದ ಹೊಸ್ತಿಲು. ಮಾದರಿಗೆ ಬೆಂಕಿಕಡ್ಡಿ ಸೀಳಿ ಅಂಟಿಸಿದೆ. ಮಾವನಿಗೆ ಖುಷಿಯೋ ಖುಷಿ. ಪಾಲುದಾರರ ಮುಂದೆ "ಟ್ರೆಡಿಶನಲ್, ಟ್ರೆಡಿಶನಲ್" ಎಂದು ಬೆಂಕಿಕಡ್ಡಿ ತೋರಿಸಿದ್ದೇ ತೋರಿಸಿದ್ದು. ಅಮ್ಮ ಮುಂದಿನ ಶುಕ್ರವಾರ ಅದರ ಧೂಳನ್ನೂ ಒರೆಸಿದಳು. ಹಾಗೇ ಇನ್ನೆರಡು ವರ್ಷ ಹೋಯಿತು.

ಎರಡು ವರ್ಷ ಕಳೆದು ಮತ್ತೆ ಸೋಣೆಯಲ್ಲೇ ಮಾವ ಬಂದರು. ಈ ಸಲ ಪಾಲುದಾರ ನಿಜವಾಗಿ ಸಿಕ್ಕಿದ್ದ. ತೋಟದ ಮರ ಕಡಿಯುವುದೊಂದೇ ಬಾಕಿ, ಅದಕ್ಕೆ ಅಮ್ಮನ ಒಪ್ಪಿಗೆ ಬೇಕು. ನಕ್ಷೆಯಲ್ಲಿ ಟವರು ಇನ್ನೂ ನಾಲ್ಕು ಮಾಳಿಗೆ ಎತ್ತರವಾಗಿತ್ತು. ಮಾವ ಜಗಲಿಯಲ್ಲಿ ನಕ್ಷೆ ಹರಡಿ ನಾಲ್ಕು ಮೂಲೆಗೆ ನಾಲ್ಕು ತೆಂಗಿನಕಾಯಿ ಇಟ್ಟರು. ಹೊಸ್ತಿಲಿಗೆ ಹೂವಿಡುತ್ತಿದ್ದ ಅಮ್ಮ ತಲೆಯೆತ್ತಲಿಲ್ಲ.

"ಆ ಟವರಿನ್ ನೆರಳ್ ಮಧ್ಯಾಹ್ನ ಮೇಲೆ ಎಲ್ಲಿಗ್ ಬೀಳತ್ತ್ ಅಣ್ಣ?" ಎಂದಳು.

ಅಭ್ಯಾಸಬಲ, ನನ್ನ ಕೈ ಪೆನ್ಸಿಲಿಗೆ ಹೋಯಿತು. ಅಲ್ಲಿಯೇ ನಿಂತಿತು. ನನಗೆ ಬಂದ ಮೊದಲ ಮದುವೆ ಸಂಬಂಧ ನೆನಪಾಯಿತು. ಆಗ ಅಮ್ಮ "ಆ ಮನಿ ಬಾಯಿ ನೀರ್ ಹ್ಯಾಂಗಿತ್ತಂಬ್ರ್?" ಎಂದು ಮಾವನನ್ನು ಕೇಳಿದ್ದಳು. ಬಾವಿಯ ನೀರು ನೋಡಿ ಬರಲು ಯಾರೂ ಹೋಗಲಿಲ್ಲ, ಸಂಬಂಧ ಅಲ್ಲಿಗೇ ಬಿತ್ತು. ಏಕೆಂದರೆ ನಮ್ಮ ಮನೆಯ ತಂಗಿಯರು ಅಣ್ಣಂದಿರಿಗೆ ಬೇಡ ಎಂದು ಹೇಳುವುದಿಲ್ಲ. ಒಂದು ಪ್ರಶ್ನೆ ಕೇಳುತ್ತಾರೆ. ಕೇಳಿಸಿಕೊಂಡವರು ತಿಳಿದುಕೊಳ್ಳಬೇಕು. ಇದನ್ನು ನೋಡುತ್ತಲೇ ಬೆಳೆದವಳು ನಾನು, ಅವಳ ಪ್ರಶ್ನೆಗೆ ಬೆಂಕಿಕಡ್ಡಿ ಸೀಳಿ ಉತ್ತರ ಕೊಟ್ಟಿದ್ದೆ!

"ಅಮ್ಮ, ನಿಂಗ್ ಇದ್ ಬೇಕಾ, ಬ್ಯಾಡ್ದಾ?" ಎಂದು ಕೇಳಿಯೇಬಿಟ್ಟೆ.

ನಮ್ಮ ಜಗಲಿಯಲ್ಲಿ ಹಾಗೆ ಯಾರೂ ಯಾರನ್ನೂ ಕೇಳಿದ್ದಿಲ್ಲ. "ಅದೆಂತ ಹಾಂಗ್ ಕೇಂಬುದ್?" ಎಂದರು ಮಾವ. ಅಮ್ಮ ಕೈಯಲ್ಲಿದ್ದ ಹೂವನ್ನು ಕೆಳಗಿಟ್ಟಳು.

"ನಂಗೆ ಯಾವತ್ತ್ ಬೇಕಿತ್ತ್? ನೀ ಹಗಲೂ ರಾತ್ರಿ ಕೂಕಂಡ್ ಬರೀತಿದ್ದೆ. ಬ್ಯಾಡ ಅಂದ್ರೆ ನಿಂಗೆ ಕೆಲ್ಸ ಇಲ್ದೆ ಆತ್ತಲ್ದಾ ಅಂದೇಳಿ ಸುಮ್ನಿದ್ದೆ."

ನನಗೆ ನಗು ಬಂತು, ಅದರ ಹಿಂದೆಯೇ ಅಳು. "ನಾನ್ ನಿಂಗೋಸ್ಕರ ಬರ್ದದ್ದ್," ಎಂದೆ. ಅವಳು ನನಗಾಗಿ ಧೂಳು ಒರೆಸಿದಳು, ನಾನು ಅವಳಿಗಾಗಿ ಗೆರೆ ಎಳೆದೆ. ನಾನು ಬಿಟ್ಟುಹೋಗಬಹುದಾಗಿದ್ದ ಬಾಗಿಲಿಗೆ ಬೀಗ ಹಾಕಿದವರು ನಾವಿಬ್ಬರೇ.

ಮಾವ ನಕ್ಷೆ ಸುತ್ತುತ್ತ ಕುಳಿತರು. "ಹಾಂಗಾರೆ ನಾ ಯಾರಿಗೋಸ್ಕರ ಮಾಡದ್ದ್? ಹೆಣ್ಣ್ ಊರಗೇ ಇರ್ಲಿ ಅಂದೇಳಿ ಅಲ್ದಾ?" ಎಂದರು. ಅದು ನಿಜವೋ, ಆಗ ಹೊಳೆದ ಮಾತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಪೂರ್ತಿ ಬರಲಿಲ್ಲ.

ಅಮ್ಮ ಹೊಸ್ತಿಲಿನ ಒಂದು ತುದಿಯ ಹೂಗಳನ್ನು ಪಕ್ಕಕ್ಕೆ ಸರಿಸಿದಳು. ಅಡಿಯಲ್ಲಿ ಮರವೇ ಇರಲಿಲ್ಲ. ಗೆದ್ದಲು ತಿಂದು ಟೊಳ್ಳಾದ ಜಾಗಕ್ಕೆ ಅವಳು ಮಣ್ಣು ಮೆತ್ತಿ, ಮೇಲೆ ಶೇಡಿ ಎಳೆದು, ಹೂವು ಮುಚ್ಚಿ ಪೂಜೆ ಮಾಡುತ್ತಿದ್ದಳು. ಮನೆಯಲ್ಲೊಬ್ಬಳು ಆರ್ಕಿಟೆಕ್ಟ್ ಇದ್ದೂ!

"ಸೋಣೆ ಕಳ್ದ್ ಮೇಲೆ ಇದೊಂದ್ ಮಾಡ್ಸಿ ಕೊಡ್," ಎಂದಳು.

ನಾನು ಟೇಪು ತಂದೆ. ಒಂದು ತುದಿಯನ್ನು ಹಿಡಿದುಕೊಳ್ಳಲು ಯಾರಾದರೂ ಬೇಕಿತ್ತು. ಮಾವ ಮೊಣಕಾಲೂರಿ ಹಿಡಿದರು. ಕಟ್ಟುವುದಕ್ಕೆಂದೇ ನಾನು ಅಳೆದ ಮೊದಲ ಅಳತೆ ಅದು. ಮಾವ ಬಾಗಿಲನ್ನು ಕೆಳಗಿನಿಂದ ಮೇಲಿನವರೆಗೂ ಒಮ್ಮೆ ನೋಡಿದರು. ಅವರ ಕಣ್ಣು ಅರಳುವುದು ನನಗೆ ಕಂಡಿತು.

"ಹ್ವಾಯ್, ಹ್ಯಾಂಗೂ ಮಾಡ್ತ್ರಿ ಅಲ್ದಾ, ಸ್ವಲ್ಪ ದೊಡ್ಡದೇ ಮಾಡ್ವ. ಮೇಲೊಂದ್ ಕಮಾನ್ ಎತ್ತಿ..."

"ಬ್ಯಾಡ ಅಣ್ಣ," ಎಂದಳು ಅಮ್ಮ.

ಕಮಾನು ತೋರಿಸಲು ಎತ್ತಿದ್ದ ಕೈಯನ್ನು ಮಾವ ಇಳಿಸಿದರು. ಟೇಪಿನ ತುದಿಯನ್ನು ಮಾತ್ರ ಬಿಡಲಿಲ್ಲ.