ಏರುದಾರಿಯ ಕಲ್ಲು

ಕಿಸಾ ಕೂತಲ್ಲಿ ಕೂರುವ ಹೆಂಗಸಲ್ಲ. ನಂಬು ಎಂಬ ಸೀಮೆಯಲ್ಲಿ ಮನುಷ್ಯರಿಗೂ ಕುದುರೆಗೂ ಒಂದೇ ಸೂರು. ಸೊಸೆಯಾಗಿ ಬಂದ ದಿನದಿಂದ ಅವಳ ಕಾಲು ಒಲೆಗೂ ಲಾಯಕ್ಕೂ ನಡುವೆ ಸವೆಯುತ್ತಲೇ ಇತ್ತು. ಮರ ಬಿದ್ದು ಗಂಡ ಸತ್ತ ವರ್ಷ ಲಾಯದಲ್ಲಿ ಹುಟ್ಟಿದ ಕಪ್ಪು ಮರಿ ಅವೊ, ಅವಳಿಗೆ ಮಗನೇ ಆದ. ತನ್ನ ಗಂಜಿಗೆ ಮೊದಲು ಅವನ ತೌಡು ಬೆಚ್ಚಗಾಗಬೇಕು.

"ಕುದುರೆಗೆ ಮುದ್ದು, ಮುದುಕಿಗೆ ಗುದ್ದು!" ಎಂದು ಅತ್ತೆ ಗೊಣಗಿದರೆ ಕಿಸಾ ನಕ್ಕು ತೌಡು ಕಲಸುತ್ತಿದ್ದಳು.

ಅವೊ ಬೆಳೆದು ಗಟ್ಟಿಯಾದಾಗ ಸೈನ್ಯದವರು ಬಂದರು. ಹಲ್ಲು ನೋಡಿದರು, ಗೊರಸು ತಟ್ಟಿದರು, ಕೊಂಡು ಹೋದರು. ಬೇಡ ಎನ್ನುವ ಬಾಯಿ ಯಾರಿಗಿತ್ತು? ಆಮೇಲೆ ಕಿಸಾಳಿಗೆ ನಿಂತರೂ ತಳಮಳ, ಮಲಗಿದರೂ ತಳಮಳ. ಖಾಲಿ ಲಾಯವನ್ನು ದಿನಾ ಗುಡಿಸುವ ಹುಚ್ಚು ಹಿಡಿಯಿತು.

ಅದರ ಮುಂದಿನ ಶರತ್ಕಾಲ ಸೈನ್ಯದ ಕವಾಯತು ಊರಿನ ಮೇಲೆಯೇ ಹಾದುಹೋಯಿತು. ಗಿಡ್ಡ ಮೂತಿಯ ಹೊವಿಟ್ಜರ್ ಫಿರಂಗಿಗಳು. ಒಂದೊಂದಕ್ಕೂ ಆರು ಕುದುರೆ. ಎರಡನೆಯದರ ಮುಂದಿನ ಜೋಡಿಯಲ್ಲಿ, ಬೆನ್ನ ಮೇಲೆ ಸವಾರನನ್ನು ಹೊತ್ತು, ಅವೊ!

ಏರಿನಲ್ಲಿ, ಕುದುರೆಗಳನ್ನು ಕಾಯುವ ಕುದುರೆ ತಲೆಯ ದೇವಿಯ ಕಲ್ಲಿದೆ. ಅಲ್ಲಿಗೆ ಬಂದದ್ದೇ ಅವೊ ನಿಂತುಬಿಟ್ಟ. ಚಾಟಿ ಬಿತ್ತು, ಬೈಗುಳ ಬಿತ್ತು, ಅಲುಗಲಿಲ್ಲ. ಅಲುಗುವುದಾದರೂ ಹೇಗೆ? ಮರಿಯಾಗಿದ್ದಾಗಿನಿಂದ ಕಿಸಾ ಆ ಕಲ್ಲಿಗೆ ಕೈಮುಗಿದು, "ಆಯ್ತಪ್ಪ, ನಡಿ" ಎಂದ ಮೇಲೆಯೇ ಅವನು ಹೆಜ್ಜೆ ಎತ್ತಿದ್ದು.

"ಎಲ್ಲಿಂದ ತಂದ್ರೋ ಈ ಕತ್ತೇನ?" ಎಂದು ಅಧಿಕಾರಿ ಕಿರುಚಿದ. "ಇಂಥ ಕಲ್ಲು ಕಂಡಲ್ಲೆಲ್ಲ ನಿಲ್ತಾನೆ. ಇವತ್ತೇ ಇಲ್ಲೇ ಹರಾಜು ಹಾಕಿ ಬಿಟ್ಟುಬಿಡಿ!"

ದಾರಿ ಬದಿಯಲ್ಲಿ ನಿಂತು ನೋಡುತ್ತಿದ್ದ ಕಿಸಾಳ ತೋಳನ್ನು ಪಕ್ಕದ ಮನೆಯ ಜಿನ್ನೊಸುಕೆ ಹಿಡಿದ. "ಕಿಸಾ, ಬಾಯಿ ಮುಚ್ಕೊಂಡಿರು ತಾಯಿ. ಈ ಮೊಂಡನ್ನ ಹರಾಜಲ್ಲಿ ನಿನ್ನ ಬಿಟ್ರೆ ಯಾರು ಕೇಳ್ತಾರೆ? ಸಂಜೆಗೆ ನಿನ್ನ ಲಾಯದಲ್ಲಿರ್ತಾನೆ."

ಕಿಸಾ ತುಟಿ ಕಚ್ಚಿಕೊಂಡಳು. ಚಾಟಿಯ ಏಟು ತನ್ನ ಬೆನ್ನಿಗೇ ಬಿದ್ದ ಹಾಗಾದರೂ ಸಂಜೆಯನ್ನು ನೆನೆದು ತಡೆದುಕೊಂಡಳು.

ಅಷ್ಟರಲ್ಲಿ ಕೆಸರಿನಲ್ಲಿ ಫಿರಂಗಿ ಹಿಂದಕ್ಕೆ ಜಾರಿತು. ಗಾಲಿಗೆ ಅಡ್ಡ ದಿಮ್ಮಿ ಇಡಲು ಹೋದ ಸಿಪಾಯಿಯ ಕಾಲು, ಗಾಲಿ ಒತ್ತಿದ ದಿಮ್ಮಿಯಡಿ ಸಿಕ್ಕಿಕೊಂಡಿತು. "ಎಳೀರೋ! ನನ್ನ ಕಾಲು! ಅಮ್ಮಾ!"

ಅಮ್ಮಾ ಎಂದಮೇಲೆ ಇನ್ನೇನು ಉಳಿಯಿತು? ಕಿಸಾ ಜಿನ್ನೊಸುಕೆಯ ಕೈ ಕೊಡವಿ ಓಡಿ, ಕಲ್ಲಿಗೆ ಕೈಮುಗಿದಳು. "ಆಯ್ತಪ್ಪ, ನಡಿ."

ಅವೊ ಕಿವಿ ನಿಮಿರಿಸಿದ. ಕುತ್ತಿಗೆ ಬಗ್ಗಿಸಿ ಎಳೆದ. ಉಳಿದ ಐದೂ ಅವನ ಜೊತೆಗೂಡಿದವು. ಗಾಲಿ ಮೇಲೇರಿತು, ಸಿಪಾಯಿ ಕಾಲು ಬಿಡಿಸಿಕೊಂಡು ಕೆಸರಲ್ಲಿ ಅಳುತ್ತಾ ಕೂತ.

ಏರು ಹತ್ತಿದ ಮೇಲೆ ಅಧಿಕಾರಿಯ ಮುಖ ಅರಳಿತು. "ಮೊಂಡ ಅಲ್ಲ ಇವನು, ದೈವಭಕ್ತ! ಇಂಥ ಬಲದ ಕುದುರೇನ ಬಿಡೋಕಾಗುತ್ತಾ? ಲೋ, ಆ ಮಾತು ಕಲ್ತ್ಕೊಳ್ಳೋ!"

ಸವಾರ ಇಳಿದು ಬಂದ. ಇನ್ನೂ ಮೀಸೆ ಬಲಿಯದ ಹುಡುಗ. "ಹೇಗಂದ್ರಿ ಅಕ್ಕಾ? ಇನ್ನೊಂದ್ಸಲ ಹೇಳಿ."

ಕಿಸಾ ಅವೊನ ಮೂತಿ ಸವರಿದಳು. ಹೇಳದಿದ್ದರೆ ಮುಂದಿನ ಕಲ್ಲಿನ ಹತ್ತಿರ ಮತ್ತೆ ಚಾಟಿ. ಹೇಳಿಕೊಟ್ಟಳು, ಕೈಮುಗಿಯುವುದನ್ನೂ ತೋರಿಸಿಕೊಟ್ಟಳು. "ಗದರಿಸಬೇಡ, ಮೆತ್ತಗೆ ಹೇಳಪ್ಪ" ಎಂದಳು.

ಹುಡುಗ ಏರಿ ಕೂತು ಕೈಮುಗಿದು ಮೆತ್ತಗೆ ಹೇಳಿದ. ಅವೊ ಒಂದು ಗಳಿಗೆ ಕಿಸಾಳ ಕಡೆ ತಿರುಗಿ ನೋಡಿದ. ಆಮೇಲೆ ಆ ಹುಡುಗನ ಮಾತಿಗೇ ನಡೆದ.