ಒಂದೇ ಬಸ್ಸಿನ ದೂರ

ವಕೀಲರು ಮೊದಲೇ ಹೇಳಿದ್ದರು: "ಅಮ್ಮಾ, ಕೋರ್ಟಲ್ಲಿ ಬಾಯಿಗೆ ಬೀಗ ಹಾಕ್ಕೊಂಡಿರಿ." ಹಾಕಿಕೊಂಡೇ ಕೂತಿದ್ದೆ. ಆದರೆ ಮಗಳನ್ನು ತನಗೇ ಒಪ್ಪಿಸಿ ಎಂದು ಕೇಸು ಹಾಕಿದ್ದ ನನ್ನ ತಂಗಿಯ ಗಂಡ, ಎರಡು ವರ್ಷ ಮಗಳ ಮುಖ ನೋಡದ ಆ ಮಹಾನುಭಾವ, "ಮಗಳಿಲ್ದೆ ಗಂಟಲಲ್ಲಿ ತುತ್ತು ಇಳಿಯಲ್ಲ ಸ್ವಾಮಿ" ಎಂದು ಕಣ್ಣೊರೆಸಿಕೊಂಡಾಗ ನನಗೆ ಮೈಯೆಲ್ಲ ಉರಿದುಹೋಯಿತು. ಬೇರೆ ಊರಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದಾನೆ. ಅಲ್ಲೊಂದು ಕೈಗೂಸಿದೆ, ಅದನ್ನು ಎತ್ತಿ ಆಡಿಸಲು ಒಂದು ಹುಡುಗಿ ಬೇಕು. ಅವನ ಪ್ರೀತಿ ಅಷ್ಟೇ.

ತಂಗಿಯನ್ನು ನಾವು ಸೂಜಿ ಎನ್ನುತ್ತಿದ್ದೆವು. ಸಣ್ಣ ಮೈ, ಚುಚ್ಚುವ ಮಾತು. ಒಂದೇ ಕೋಣೆಯಲ್ಲಿ ಮಿಷನ್ ಹಾಕಿಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದೆವು. ಕತ್ತರಿಸುವವಳು ನಾನು, ಹೊಲಿಯುವವಳು ಅವಳು. ಮಕ್ಕಳು ಬೆಳೆಯುತ್ತವೆಂದು ಲಂಗದ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಮಡಚಿ ಬಿಡುವುದು ಅವಳ ಪದ್ಧತಿ, ಗಿರಾಕಿ ಕೇಳಲಿ ಬಿಡಲಿ. ಒಂದು ಸಂಜೆ ಕುಡಿದು ಬಂದ ಗಂಡ ಐದು ವರ್ಷದ ಮಗಳ ಮೇಲೆ ಬೆಲ್ಟ್ ಎತ್ತಿದ. ಸೂಜಿಯ ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ಇತ್ತು. ಬೀಸಿದಳು. ಅವನ ಭುಜದ ಮೂಳೆ ಮುರಿಯಿತು, ಇವಳಿಗೆ ಮೂರು ವರ್ಷ ಜೈಲಾಯಿತು. ಬೆಲ್ಟಿಗೆ ಏನೂ ಆಗಲಿಲ್ಲ.

ಮಗಳು ಅಂಗಿಯ ಗುಂಡಿಯ ಹಾಗೆ ದುಂಡು ಮುಖದವಳು. ಅದಕ್ಕೇ ಅವಳು ಗುಂಡಿ. ಜೈಲಿಗೆ ಹೋಗುವ ದಿನ ಸೂಜಿ ನನ್ನ ಕೈ ಹಿಡಿದಳು.

"ಅಕ್ಕಾ, ಗುಂಡೀನ ಮಾತ್ರ ಅಲ್ಲಿಗೆ ಕರ್ಕೊಂಡ್ ಬರ್ಬೇಡ. ಕಂಬಿ ಹಿಂದೆ ಅವಳು ನನ್ನ ನೋಡ್ಬಾರ್ದು. ದೂರದ ಊರಲ್ಲಿ ಹೊಲಿಗೆ ಕೆಲಸ, ಅಲ್ಲಿಗೆ ಬಸ್ಸೂ ಹೋಗಲ್ಲ ಅಂತ ಹೇಳು. ನನ್ನಾಣೆ."

ಗುಂಡಿಯನ್ನು ನನ್ನ ಮನೆಯಲ್ಲೇ ಇಟ್ಟುಕೊಂಡು ಎರಡು ವರ್ಷ ಅದೇ ಸುಳ್ಳು ಹೇಳಿದೆ. ತಿಂಗಳು ತಿಂಗಳು ಒಬ್ಬಳೇ ಹೋಗಿ ಜೈಲಿನ ಪುಸ್ತಕದಲ್ಲಿ ಸಹಿ ಹಾಕಿ ತಂಗಿಯನ್ನು ನೋಡಿ ಬಂದೆ.

ಆ ಪುಸ್ತಕದ ನಕಲನ್ನೇ ಅವನ ವಕೀಲ ಎತ್ತಿ ಹಿಡಿದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು. "ಎರಡು ವರ್ಷದಲ್ಲಿ ಮಗು ಒಂದ್ಸಲನೂ ತಾಯಿನ ನೋಡಕ್ಕೆ ಹೋಗಿಲ್ಲ. ಇದೆಂಥ ಸಂಬಂಧ? ಹೆತ್ತ ತಂದೆ ಇರುವಾಗ ದೊಡ್ಡಮ್ಮ ಯಾರು?" ಗುಂಡಿಯನ್ನು ಮಾತಾಡಿಸಿದ್ದ ಕೋರ್ಟಿನ ಮೇಡಂ ಕೂಡ ಬರೆದಿದ್ದರಂತೆ: ಮಗುವನ್ನು ಸುಳ್ಳಿನಲ್ಲಿ ಬೆಳೆಸಲಾಗುತ್ತಿದೆ.

ಬೀಗ ಅಲ್ಲಿಗೆ ಕಿತ್ತುಬಂತು. "ಬೆಲ್ಟ್ ಎತ್ತಿದ್ದು ಯಾವ ಪುಸ್ತಕದಲ್ಲಿದೆ ಸ್ವಾಮಿ? ಅದನ್ನೂ ಓದ್ಸಿ!" ಎಂದು ಕೂಗಿದೆ. ನಮ್ಮ ವಕೀಲರು ಹಣೆ ಚಚ್ಚಿಕೊಂಡರು. ನ್ಯಾಯಾಧೀಶರು ನನ್ನನ್ನು ಗದರಿ ಕೂರಿಸಿ, ಮಗು ಮೊದಲು ತಾಯಿಯನ್ನು ನೋಡಿ ಬರಲಿ, ಹದಿನೈದು ದಿನದ ಮೇಲೆ ಅವಳನ್ನೇ ಕೇಳಿ ತೀರ್ಮಾನಿಸುತ್ತೇನೆ ಎಂದರು.

ಕರೆದುಕೊಂಡು ಹೋದೆ. ಇಪ್ಪತ್ತು ನಿಮಿಷದ ದಾರಿ. ಜಾಲರಿಯ ಆಚೆಯಿಂದ ಸೂಜಿ ನನ್ನ ಮೇಲೆ ಹರಿಹಾಯ್ದಳು: "ಆಣೆ ಹಾಕಿದ್ನಲ್ಲ ಅಕ್ಕಾ! ಯಾಕೆ ಕರ್ಕೊಂಡ್ ಬಂದೆ?"

"ನಿನ್ನ ಆಣೆಗಿಷ್ಟು ಬೆಂಕಿ ಹಾಕ! ಮಗಳೇ ಕೈ ತಪ್ಪಿ ಹೋಗ್ತಾಳೆ ಕಣೇ!"

ಗುಂಡಿ ನಮ್ಮಿಬ್ಬರನ್ನೂ ನೋಡಿದಳು. ಅಳಲಿಲ್ಲ. ಮುಖ ಕೆಂಪಗಾಯಿತು.

"ಇಷ್ಟು ಹತ್ರ ಇದ್ಯಾ ಅಮ್ಮಾ? ಒಂದೇ ಬಸ್ಸಾ?" ಎಂದು ಜಾಲರಿಗೆ ಗುದ್ದಿದಳು. "ಎಷ್ಟ್ ಸಲ ಬರ್ಬೋದಿತ್ತು ನಾನು!"

ತಂಗಿಯ ಗಂಡನ ಮೇಲೆ, ಕೋರ್ಟಿನ ಮೇಲೆ ಇದ್ದ ಸಿಟ್ಟೆಲ್ಲ ತಿರುಗಿ ನನ್ನ ಮೇಲೇ ಬಂತು. ವಾಪಸ್ ಬರುವಾಗ ಗುಂಡಿ ನನ್ನ ಪಕ್ಕ ಕೂರದೆ ಮುಂದಿನ ಸೀಟಿಗೆ ಹೋದಳು.

ಹದಿನೈದು ದಿನದ ಮೇಲೆ ನ್ಯಾಯಾಧೀಶರು ಕೇಳಿದರು: "ಯಾರ ಹತ್ರ ಇರ್ತೀಯ ಮರಿ?"

ಅವಳ ಅಪ್ಪ ಹಲ್ಲು ಕಿರಿದ.

"ಅಮ್ಮ ಬರೋವರೆಗೂ, ಜೈಲಿಗೆ ಒಂದೇ ಬಸ್ಸಿರೋ ಮನೇಲಿ," ಎಂದಳು ಗುಂಡಿ.

ಮಗು ನನ್ನ ಮನೆಯಲ್ಲೇ ಇರಲಿ ಎಂದು ಆದೇಶವಾಯಿತು. ವಕೀಲರು ಗೆದ್ದೆವು ಎಂದು ನನ್ನ ಕೈ ಕುಲುಕಿದರು. ದೊಡ್ಡಮ್ಮನ ಹತ್ರ ಎಂದು ಅವಳು ಹೇಳಿರಲಿಲ್ಲ.