ಪುಚ್ಚೆಯ ಉಸಿರು, ಬ್ಯಾಡಗಿಯ ಘಾಟು

ಬೆಕ್ಕಿನ ಉಸಿರು ಎಣಿಸುವ ಕೆಲಸ ನನ್ನ ಪಾಲಿಗೆ ಬಂದದ್ದು, ಮನೆಯಲ್ಲಿ ಮಧ್ಯಾಹ್ನ ನಿದ್ದೆ ಮಾಡದವಳು ನಾನೊಬ್ಬಳೇ ಎಂಬ ಕಾರಣಕ್ಕೆ. ಹದಿನೈದು ವರ್ಷದ ಮುದುಕಿ ಅವಳು. ತುಳುವಿನಲ್ಲಿ ಬೆಕ್ಕಿಗೆ ಪುಚ್ಚೆ ಅನ್ನುತ್ತಾರೆ. ಒಳ್ಳೆಯ ಹೆಸರು ಹೊಳೆಯುವವರೆಗೆ ಹಾಗೇ ಕರೆಯೋಣ ಎಂದುಕೊಂಡಿದ್ದೆವು, ಹೊಳೆಯಲೇ ಇಲ್ಲ.

ಆ ವರ್ಷ ಮಳೆ ಮುಗಿಯುವ ಹೊತ್ತಿಗೆ ಪುಚ್ಚೆ ಕೆಮ್ಮಲು ಶುರುಮಾಡಿದಳು. ಕತ್ತು ಮುಂದೆ ಚಾಚಿ, ಹೊಟ್ಟೆಯನ್ನು ನೆಲಕ್ಕೆ ಒತ್ತಿ, ತೂತು ಬಿದ್ದ ಹಾರ್ಮೋನಿಯಮ್ಮಿನಂತೆ ಸದ್ದು ಮಾಡುವಳು. ಕೋಪರಖೈರಣೆಯ ನಮ್ಮ ಸೆಕ್ಟರಿನಲ್ಲೇ ಇರುವ ಪ್ರಾಣಿಗಳ ಡಾಕ್ಟರು ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದಾದ ಹುಡುಗಿ. ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದಳು.

"ಆಂಟಿ, ಅಸ್ತಮಾ ಹೈ. ಅಗರಬತ್ತಿ, ಕಿಚನ್ ಕಾ ಧುವಾಂ, ಸಬ್ ಬಂದ್."

ಯಾವ ಹೊಗೆಯೂ ಕೂಡದೆಂದು ಹೇಳಿ ಮಾತ್ರೆ ಕೊಟ್ಟಳು. ಪುಚ್ಚೆ ಮಲಗಿದ್ದಾಗ ನಿಮಿಷಕ್ಕೆ ಎಷ್ಟು ಸಲ ಹೊಟ್ಟೆ ಏರಿ ಇಳಿಯುತ್ತದೆಂದು ದಿನಾ ಬರೆದಿಡಲು ಹೇಳಿದಳು. ಮೂವತ್ತರೊಳಗೆ ಇದ್ದರೆ ಸರಿ, ನಲವತ್ತು ದಾಟಿದರೆ ಕಾಯದೆ ತರಬೇಕು. "ಫಾರ್ಟಿ ಕೇ ಊಪರ್ ಗಯಾ ತೋ ವೇಟ್ ಮತ್ ಕರೋ, ಸೀದಾ ಲೇಕೇ ಆವೋ. ಇಸ್ ಏಜ್ ಮೇಂ ಏಕ್ ಬಡಾ ಅಟ್ಯಾಕ್ ಭೀ..." ಎಂದವಳು ವಾಕ್ಯ ಮುಗಿಸದೆ ಪುಚ್ಚೆಯ ಕಿವಿ ಸವರಿದಳು. ಈ ವಯಸ್ಸಿನಲ್ಲಿ ಒಂದೇ ದೊಡ್ಡ ಅಟ್ಯಾಕೂ ಎಂಬಲ್ಲಿಗೆ ನಿಂತ ಆ ವಾಕ್ಯವನ್ನು ನಾನು ರಿಕ್ಷಾದಲ್ಲಿ ಮನೆಯವರೆಗೂ ಮುಗಿಸುತ್ತಲೇ ಬಂದೆ.

ನಾನು ಕಾನ್ವೆಂಟಿನಲ್ಲಿ ಓದಿದವಳು. ನೋಟ್‌ಬುಕ್ ಎಂದರೆ ಕೆಂಪು ಪೆನ್ನಿನ ಮಾರ್ಜಿನ್ ಇರಬೇಕು. ತಾರೀಖು, ಸಮಯ, ಉಸಿರು, ರಿಮಾರ್ಕ್ಸ್ ಎಂದು ನಾಲ್ಕು ಕಾಲಂ ಎಳೆದೆ. ಖಾಲಿ ಕಾಲಂ ಬಿಟ್ಟರೆ ಸಿಸ್ಟರ್ ಅರ್ಧ ಅಂಕ ಕಳೆಯುತ್ತಿದ್ದ ಭಯ ಇನ್ನೂ ಹೋಗಿಲ್ಲದ್ದರಿಂದ ರಿಮಾರ್ಕ್ಸಿನಲ್ಲಿ ಏನಾದರೊಂದು ಬರೆಯುವೆ. 'ಬಂಗುಡೆಯ ತಲೆ ತಿಂದಳು.' 'ಪಾರಿವಾಳ ನೋಡಿದಳು, ಏಳಲಿಲ್ಲ.' ಒಂದು ಭಾನುವಾರ ಹೋಲಿಕೆಗಿರಲಿ ಎಂದು ಊಟವಾಗಿ ಮಲಗಿದ್ದ ನನ್ನವರದ್ದನ್ನೂ ಎಣಿಸಿದೆ. ಹದಿನಾಲ್ಕು, ಗೊರಕೆ ಸಮೇತ. ಅವರು ಒಂದು ಕಣ್ಣು ತೆರೆದು, "ನನ್ನದು ಬರೆದಿಡ್ಬೇಡ ಮಾರಾಯ್ತಿ, ಆಮೇಲೆ ನನಗೂ ಮಾತ್ರೆ ಹಾಕ್ತಿ," ಎಂದರು.

ಅಗರಬತ್ತಿ ನಿಲ್ಲಿಸುವುದು ಕಷ್ಟವಾಗಲಿಲ್ಲ, ದೇವರು ಜಗಳವಾಡುವುದಿಲ್ಲ. ಕಷ್ಟವಾದದ್ದು ಮೆಣಸು. ನಮ್ಮ ಕಡೆಯ ಗಸಿಗೆ, ಸಾರಿಗೆ, ಎಲ್ಲದಕ್ಕೂ ಬ್ಯಾಡಗಿ ಮೆಣಸನ್ನು ತೆಂಗಿನೆಣ್ಣೆಯಲ್ಲಿ ಹುರಿಯಲೇಬೇಕು. ಹುರಿದರೆ ಆರೋಗ್ಯವಂತರೇ ಮನೆ ಬಿಟ್ಟು ಓಡುತ್ತಾರೆ.

"ವಾಗ್ಳೆ ಎಸ್ಟೇಟಿನ ಕ್ಯಾಂಟೀನಲ್ಲಿ, ಬಾಣಲೆಯ ಕೆಳಗೆ ಹುಟ್ಟಿದ ಬೆಕ್ಕು ಅದು," ಎಂದು ನನ್ನವರು ವಾದಿಸಿದರು. ಆ ಕಾರ್ಖಾನೆಗಳ ನಡುವಿನ ಕ್ಯಾಂಟೀನಿನಿಂದ ಅವಳನ್ನು ಟಿಫಿನ್ ಚೀಲದಲ್ಲಿ ತಂದವರು ಅವರೇ. ಆಗ ಅಲ್ಲಿ ಕೆಲಸಕ್ಕಿದ್ದರು, ಈಗ ಮಹಾಪೆಯಲ್ಲಿ ಸ್ವಂತ ಕ್ಯಾಂಟೀನು. "ಅದಕ್ಕೆ ಹೊಗೆ ಅಂದ್ರೆ ಊರಿನ ಗಾಳಿ."

"ಹಾಗಾದ್ರೆ ನೀವೇ ನಿಮ್ಮ ಕ್ಯಾಂಟೀನಲ್ಲಿ ಹುರಿಸಿ ತನ್ನಿ."

"ಎಂತ? ಮನೆ ಮಸಾಲೆಯ ರುಚಿಯೇ ಬೇರೆ ಅಂತ ಇಷ್ಟು ವರ್ಷ ಅಲ್ಲಿಯವರ ಎದುರು ಹೇಳ್ಕೊಂಡು ಬಂದಿದ್ದೇನೆ. ಈಗ ಅವರ ಬಾಣಲೆಯಲ್ಲೇ ಹುರೀಬೇಕಾ?"

ಮೂರು ದಿನ ಸಪ್ಪೆ ಬೇಳೆ ತಿಂದ ಮೇಲೆ ನನಗೊಂದು ಉಪಾಯ ಹೊಳೆಯಿತು. ಸರಿಯಾಗಿ ನಮ್ಮ ಕೆಳಗಿನ ಮನೆಯಲ್ಲಿ ಮರಾಠಿ ಕಾಕೂ ಇದ್ದಾರೆ, ಒಂಟಿ, ಮಾತಿಗೆ ಜನ ಬೇಕು. ಅವರ ಒಲೆಯಲ್ಲಿ ಹುರಿದು ತರುವುದು. ಹಾಗೆಯೇ ನಮ್ಮ ಅಡುಗೆಮನೆಯ ಬಾಗಿಲ ಬಳಿ ಮಲಗುತ್ತಿದ್ದ ಪುಚ್ಚೆಯನ್ನು ಅಲ್ಲಿಂದ ಎಬ್ಬಿಸಿ, ಮನೆಯ ಇನ್ನೊಂದು ತುದಿಯ ಬಾತ್‌ರೂಮಿನಲ್ಲಿ, ವಾಷಿಂಗ್ ಮಷೀನಿನ ಮೇಲೆ, ಕಿಟಕಿಯ ಪಕ್ಕ ಮೆತ್ತಗೆ ಹಾಸಿಗೆ ಮಾಡಿಕೊಟ್ಟೆ. ಒಳ್ಳೆಯ ಗಾಳಿ ಬರುವ ಜಾಗ.

ಬುಧವಾರ ಬಾಣಲೆ ಹಿಡಿದು ಕೆಳಗಿಳಿದೆ. ಕಾಕೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಸೀನುಗಳ ನಡುವೆ, "ಛಾನ್ ವಾಸ್ ಯೇತೋಯ್ ಗ," ಎಂದು ಪರಿಮಳವನ್ನು ಹೊಗಳಿದರು. ಅಷ್ಟು ಮರ್ಯಾದೆಯ ಹೆಂಗಸು. ಅವರಿಗೊಂದು ಬಟ್ಟಲು ಪುಡಿ ಕೊಡುತ್ತೇನೆಂದು ಮಾತು ಕೊಟ್ಟೆ.

ಅದುವರೆಗೆ ಇಪ್ಪತ್ತೆಂಟು, ಇಪ್ಪತ್ತೇಳು ಇದ್ದ ಉಸಿರು ಆ ಮಧ್ಯಾಹ್ನ ಮೂವತ್ತೆಂಟಾಯಿತು. ಗುರುವಾರ ಇಳಿಯಿತು. ಶನಿವಾರ ಗಸಿಗೆ ಹುರಿದು ಬಂದೆ, ಮೂವತ್ತೊಂಬತ್ತು. ಮತ್ತೆರಡು ಉಸಿರು ಹೆಚ್ಚಿದರೆ ಗೆರೆ ದಾಟಿದಂತೆ. ಮೀನು ಕೆಟ್ಟಿತ್ತೇ? ಮಾತ್ರೆ ಉಗುಳಿದಳೇ?

ಕನ್ನಡ ಓದಲು ಬಂದರೂ ಹಿಂದಿಯಲ್ಲೇ ಉತ್ತರಿಸುವ ಮಗಳು ನೋಟ್‌ಬುಕ್ ತಿರುವಿ ಹಾಕಿದಳು. "ಮಮ್ಮಿ, ದೇಖೋ ನಾ. ರಿಮಾರ್ಕ್ಸ್ ಮೇಂ ದೋನೋ ದಿನ್ ಲಿಖಾ ಹೈ, 'ಕೆಳಗೆ ಹೋಗಿದ್ದೆ'. ತುಮ್ ಜಾತೀ ಹೋ ತೋ ಉಸ್ಕೋ ಟೆನ್ಷನ್ ಹೋತಾ ಹೈ. ಶೀ ಮಿಸಸ್ ಯೂ!"

ನಾನು ಕೆಳಗೆ ಹೋದರೆ ಪುಚ್ಚೆ ಕಳವಳಪಡುತ್ತಾಳೆಂದು ಕೇಳಿ, ಒಪ್ಪಿಕೊಳ್ಳುತ್ತೇನೆ, ನನ್ನ ಎದೆ ಉಬ್ಬಿತು. ಮದುವೆಯಾಗಿ ಇಷ್ಟು ವರ್ಷವಾಯಿತು, ನಾನು ಅರ್ಧ ಗಂಟೆ ಇಲ್ಲದಿದ್ದರೆ ಯಾರ ಉಸಿರೂ ಏರಿಳಿದದ್ದಿಲ್ಲ.

"ನೀನು ಊರಿಗೆ ಹೋದಾಗ ನಾನೊಮ್ಮೆಯೂ ಕೆಮ್ಮಿಲ್ಲ," ಎಂದರು ನನ್ನವರು.

"ಗೊತ್ತುಂಟು," ಎಂದೆ.

ಮುಂದಿನ ಸಲ ಪುಚ್ಚೆಗೆ ಬೇಸರವಾಗದಂತೆ ಏರ್ಪಾಡು ಮಾಡಿದೆ. ಕ್ಯಾಂಟೀನಿಗೆ ರಜೆ ಇದ್ದ ದಿನ ನೋಡಿ ಇವರನ್ನು ಬಾತ್‌ರೂಮಿನಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿದೆ. ನನ್ನ ಹಳೆಯ ಹತ್ತಿ ದುಪಟ್ಟಾ ಅವರ ಹೆಗಲಿಗೆ ಹೊದಿಸಿದೆ, ನನ್ನ ವಾಸನೆ ಇರಲೆಂದು. "ಮಾತಾಡ್ತಾ ಇರಿ, ಪ್ಲೀಸ್. ಮೆಲ್ಲಗೆ."

"ಬೆಕ್ಕಿನ ಹತ್ತಿರ ಎಂತ ಮಾತಾಡುದು?"

"ವಾಗ್ಳೆ ಎಸ್ಟೇಟಿನ ಸುದ್ದಿ ಹೇಳಿ."

ಕೆಳಗೆ ಮೆಣಸು ಆಗಷ್ಟೇ ಬಣ್ಣ ತಿರುಗುತ್ತಿತ್ತು. ಕಾಕೂ ಎಂದಿನಂತೆ ಎಕ್ಸಾಸ್ಟ್ ಫ್ಯಾನ್ ಹಾಕಿದ್ದರು. ಆಗ ಮೆಟ್ಟಿಲಲ್ಲಿ ಧಡಧಡ ಸದ್ದು. ಬಾಗಿಲು ತೆರೆದರೆ ಇವರು. ಕಣ್ಣು ಬ್ಯಾಡಗಿಗಿಂತ ಕೆಂಪು, ಮೂಗಿನಿಂದ ನೀರು, ಎದೆಯ ಮೇಲೆ ನನ್ನ ದುಪಟ್ಟಾದಲ್ಲಿ ಸುತ್ತಿದ ಪುಚ್ಚೆ.

"ಮಾರಾಯ್ತಿ!" ಕೆಮ್ಮು. "ನಿನ್ನ ಮೆಣಸು..." ಮತ್ತೆ ಕೆಮ್ಮು. "ಪೂರಾ ಡಕ್ಟಿನಲ್ಲಿ ಮೇಲೆ ಬರ್ತಾ ಉಂಟು! ಇದು ಮಿಸ್ಸೂ ಅಲ್ಲ ಗಿಸ್ಸೂ ಅಲ್ಲ!"

ಕಾಕೂ ಅವರ ಫ್ಯಾನು ಹೊಗೆಯನ್ನು ನೂಕುವುದು ಕಟ್ಟಡದ ಒಳಗೆ, ಮನೆಯ ಎರಡೂ ತುದಿ ಸುತ್ತಿ ಬಂದು ಸೇರುವ ಬಾವಿಯಂಥ ಡಕ್ಟಿಗೆ. ನಮ್ಮ ಬಾತ್‌ರೂಮಿನ ಕಿಟಕಿ ತೆರೆಯುವುದೂ ಅದಕ್ಕೇ. ವಾರದಲ್ಲಿ ಎರಡು ಸಲ ನಾನು ಒಂದು ಮಹಡಿ ಇಳಿದುಹೋಗಿ, ನನ್ನ ಬೆಕ್ಕಿನ ದಿಂಬಿನ ಮೇಲೆಯೇ ಮೆಣಸು ಹುರಿದು ಬಂದಿದ್ದೆ.

ನಗು ಬರಲಿಲ್ಲ. ಪುಚ್ಚೆ ಬಾಯಿ ತೆರೆದು ಉಸಿರಾಡುತ್ತಿದ್ದಳು. ನಾಲಿಗೆಯ ಗುಲಾಬಿ ಬಣ್ಣ ಮಾಸಿತ್ತು.

"ಐವತ್ತೆರಡು," ಎಂದರು ಇವರು. ನನಗೆ ಅರ್ಥವಾಗಲಿಲ್ಲ. "ಉಸಿರು. ಎಣಿಸಿದೆ."

ರಿಕ್ಷಾದಲ್ಲಿ ಇವರ ತುಟಿ ಅಲುಗಾಡುತ್ತಲೇ ಇತ್ತು, ಸಿಗ್ನಲಿನಲ್ಲಿ ಮೊದಲಿನಿಂದ ಮತ್ತೆ ಎಣಿಕೆ. ಡಾಕ್ಟರ್ ಹುಡುಗಿ ಇಂಜೆಕ್ಷನ್ ಕೊಟ್ಟು, ಮೂತಿಗೆ ಪುಟ್ಟ ಆಕ್ಸಿಜನ್ ಮಾಸ್ಕ್ ಹಿಡಿದಳು. ನಾನು ಪುಚ್ಚೆಯ ಹಿಂಗಾಲು ಹಿಡಿದು, ಶಾಲೆಯಲ್ಲಿ ಕಲಿತ ಪ್ರಾರ್ಥನೆಯನ್ನೂ ಕುಲದೇವರ ಹೆಸರನ್ನೂ ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ ಹೇಳಿದೆ. ನಲವತ್ತಾರು. ಬಹಳ ಹೊತ್ತಿನ ಮೇಲೆ ಮೂವತ್ತೊಂಬತ್ತು. ಮೂವತ್ತಮೂರಾದಾಗ ಪುಚ್ಚೆ ಮಾಸ್ಕಿಗೆ ಒಂದೇಟು ಬಿಗಿದಳು.

"ಗುಡ್ ಸೈನ್," ಎಂದ ಡಾಕ್ಟರ್ ಮೂಗು ಅರಳಿಸಿ ನಮ್ಮಿಬ್ಬರನ್ನೂ ನೋಡಿದಳು. "ಆಂಟಿ, ಆಪ್ ಲೋಗ್ ಮಿರ್ಚಿ ಕೇ ಗೋಡೌನ್ ಸೇ ಆಯೇ ಹೋ ಕ್ಯಾ?"

ಮರುವಾರದಿಂದ ಮಸಾಲೆ ಮಹಾಪೆಯಲ್ಲೇ ತಯಾರಾಗುತ್ತಿದೆ. ಕೆಲಸದವರೆಲ್ಲ ಹೋದ ಮೇಲೆ, ಶಟರ್ ಅರ್ಧ ಇಳಿಸಿ, ಇವರೇ ನಿಂತು ಹುರಿಯುತ್ತಾರಂತೆ. ಮೆಂತೆ ಒಂದು ಚಿಟಿಕೆ ಹೆಚ್ಚಾಗಿರುತ್ತದೆ, ನಾನು ಹೇಳಿಲ್ಲ. ಕಾಕೂ ಅವರ ಬಟ್ಟಲು ಮಾತ್ರ ತಪ್ಪದೆ ಹೋಗುತ್ತದೆ.

ಆದರೆ ಮೊದಲ ದಿನ ಇವರು ಡಬ್ಬಿ ಹಿಡಿದು ಒಳಗೆ ಕಾಲಿಟ್ಟದ್ದೇ ತಡ, ಪುಚ್ಚೆ ಅವರ ಶರ್ಟು ಮೂಸಿ ಏಳು ಸಲ ಸೀನಿದಳು. ಹಾಗಾಗಿ ಈಗ ಮಸಾಲೆಯ ದಿನ ಶರ್ಟನ್ನು ಹೊರಗೇ ಕಳಚಿ, ಚೀಲಕ್ಕೆ ಹಾಕಿ, ಗಂಟು ಬಿಗಿದು ಬರಬೇಕೆಂಬ ನಿಯಮ. ಮೊನ್ನೆ ನಮಗೆ ತರಕಾರಿ ಕೊಡಲೆಂದು ಕಾಕೂ ಒಂದು ಮಹಡಿ ಮೇಲೇರಿ ಬಂದು ನೋಡುತ್ತಾರೆ: ಮುಚ್ಚಿದ ಬಾಗಿಲ ಮುಂದೆ ಬನಿಯನ್ನಿನಲ್ಲಿ ನಿಂತ ಗೃಹಸ್ಥ.

"ಅಗೋಬಾಯಿ! ಬಾಯ್ಕೋನೇ ಹಾಕಲ್ಲಂ ಕಾ?" ಹೆಂಡತಿ ಹೊರಗೆ ಹಾಕಿದಳೇ ಎಂದು ಅವರಿಗೆ ಗಾಬರಿ.

"ನಹೀ ಕಾಕೂ," ಎಂಬ ಇವರ ಗಂಭೀರ ದನಿ ಒಳಗೆ ಕೇಳಿಸಿತು. "ಮಾಂಜರ್‌ನೇ." ಬೆಕ್ಕು.

ನಾನು ಬಾಗಿಲು ತೆರೆಯಲು ಒಂದು ನಿಮಿಷ ತಡಮಾಡಿದೆ. ಎಣಿಕೆಯ ಮಧ್ಯದಲ್ಲಿದ್ದೆ. ಇಪ್ಪತ್ತಾರು.